ತೀರ್ಪಿನ ಕೊನೆಯ ಎರಡು ಸಾಲು

ಕೋಲಾರದಲ್ಲಿ ನಾನು ಕಾನೂನು ನೆರವಿನ ವಕೀಲೆ. ಕೊಲೆ ಕೇಸಿನ ತೀರ್ಪು ಬಂದ ದಿನ ಎಲ್ಲರೂ ಶಿಕ್ಷೆ ಎಷ್ಟೆಂದು ನೋಡುತ್ತಾರೆ. ನಾನು ಕೊನೆಯ ಎರಡು ಸಾಲು ನೋಡುತ್ತೇನೆ: ಮುದ್ದೆಮಾಲು (ಕೇಸಿನಲ್ಲಿ ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತು) ಬೆಲೆಯಿಲ್ಲದ್ದು, ಅಪೀಲು ಅವಧಿ ಮುಗಿದ ಮೇಲೆ ನಾಶಪಡಿಸತಕ್ಕದ್ದು.

ಮೊದಲು ಹಾಗೆ ನೋಡುತ್ತಿರಲಿಲ್ಲ. ನನ್ನ ಕಕ್ಷಿದಾರನೊಬ್ಬನ ಅಂಗಿಯ ಕಲೆಯ ಬಗ್ಗೆ ಲ್ಯಾಬ್ ವರದಿ ಹೇಳಿದ್ದು ಇಷ್ಟೇ: ಮನುಷ್ಯರ ರಕ್ತ, ‘ಓ’ ಗುಂಪು. ಆ ಗುಂಪು ಊರಲ್ಲಿ ಎಷ್ಟು ಜನರದ್ದಿಲ್ಲ! ಡಿಎನ್‌ಎ ಪರೀಕ್ಷೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೈಕೋರ್ಟಿಗೆ ಅಪೀಲು ಹಾಕಲು ಇರುವ ಗಡುವು 60 ದಿನ. ಮನೆಯವರು ಕಾಗದಪತ್ರ ಹೊಂದಿಸಿ ತರುವಷ್ಟರಲ್ಲಿ ವರ್ಷ ಕಳೆಯಿತು, ಅಂಗಿ ಸುಟ್ಟಾಗಿತ್ತು. ಅಪೀಲು ಹಾಕಿದ್ದರೆ ಅದು ಮುಗಿಯುವವರೆಗೆ ಮಾಲು ಮುಟ್ಟುವಂತಿಲ್ಲ. ಹಾಕದಿದ್ದರೆ ಕಾನೂನು ಕಾಯುವುದು ಎರಡೇ ತಿಂಗಳು. ಆ ಮನುಷ್ಯನ ತಾಯಿಗೆ ಇದನ್ನು ಹೇಳಿದ ಮಧ್ಯಾಹ್ನ ನನಗಿನ್ನೂ ಮರೆತಿಲ್ಲ.

ಈಗ ಶಿಕ್ಷೆಯಾದ ವಾರದೊಳಗೇ ಅರ್ಜಿ ಹಾಕುತ್ತೇನೆ. ರಕ್ತ, ವೀರ್ಯ, ಕೂದಲು ಇರುವ ಮಾಲುಗಳ ನಂಬರ್ ಬರೆದು, ಸುಪ್ರೀಂ ಕೋರ್ಟಿನವರೆಗೆ ಎಲ್ಲ ಮುಗಿಯುವತನಕ ಇವನ್ನು ಉಳಿಸಿ ಎಂದು ಕೇಳುತ್ತೇನೆ. ನಮ್ಮಲ್ಲಿ ಶಿಕ್ಷೆಯ ನಂತರದ ಡಿಎನ್‌ಎ ಪರೀಕ್ಷೆಗೆಂದೇ ಕಾಯ್ದೆಯಿಲ್ಲ. ಅಪೀಲಿನಲ್ಲಿ ಹೆಚ್ಚಿನ ಸಾಕ್ಷ್ಯ ಕೇಳಬಹುದು, ಆದರೆ ವಸ್ತು ಇದ್ದರೆ ತಾನೆ? ಅಮೆರಿಕದಲ್ಲಿ ಮಗುವಿನ ಕೊಲೆ ಕೇಸಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕಿರ್ಕ್ ಬ್ಲಡ್ಸ್‌ವರ್ತ್ 1993ರಲ್ಲಿ ಡಿಎನ್‌ಎ ಪರೀಕ್ಷೆಯ ಬಲದಿಂದ ಹೊರಬಂದದ್ದು, ಸತ್ತ ಮಗುವಿನ ಬಟ್ಟೆಯನ್ನು ಯಾರೂ ಎಸೆಯದೆ ಉಳಿಸಿದ್ದರಿಂದ.

ಹೀಗೆ ಅರ್ಜಿ ಹಾಕಿದ ಮೊದಲ ಕೇಸಿನಲ್ಲೇ ಮಾಲು ನೋಡಿ ಎದೆ ಧಸಕ್ಕೆಂದಿತು. ಪ್ಲಾಸ್ಟಿಕ್ ಕವರಿನೊಳಗೆ ಸೀರೆಗೆ ಬೂಷ್ಟು. "ಬಂದಾಗ್ಲೇ ಹಿಂಗಿತ್ತು ಮೇಡಂ," ಅಂದರು ಗುಮಾಸ್ತರು. ತೇವದ ಬಟ್ಟೆಯನ್ನು ಪ್ಲಾಸ್ಟಿಕ್ಕಿಗೆ ಹಾಕಿದರೆ ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಆರಿಸಿ ಕಾಗದದ ಕವರಿನಲ್ಲಿಟ್ಟ ಒಣ ಕಲೆ ಫ್ರಿಜ್ ಇಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತದೆ. ಬಿಸಿಲಿಗೆ ಮಾತ್ರ ಹರವಬಾರದು. ನ್ಯಾಯಾಧೀಶರ ಆದೇಶ ಪಡೆದು, ಸರ್ಕಾರಿ ವಕೀಲರ ಎದುರಲ್ಲೇ ಕೈಗವಸು ಹಾಕಿಸಿ, ಆರಿಸಿ, ಬೇರೆ ಬೇರೆ ಕಾಗದದ ಕವರಿಗೆ ಹಾಕಿ ಅರಗಿನ ಸೀಲು ಒತ್ತಿಸಿದೆವು. ಹಳೆಯ ಕವರನ್ನೂ ಎಸೆಯಲು ಬಿಡಲಿಲ್ಲ.

ಇವತ್ತು ಇಷ್ಟೇ ಸಾಲದು. 2025ರ ಜುಲೈ 15ರಂದು ಕಟ್ಟವೆಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ವಿಚಾರಣೆ ಅಥವಾ ಅಪೀಲು ಬಾಕಿಯಿರುವಾಗ ಡಿಎನ್‌ಎ ಮಾದರಿಯ ಪೊಟ್ಟಣ ತೆರೆಯಲು ವಿಚಾರಣಾ ನ್ಯಾಯಾಲಯದ ಅನುಮತಿ ಬೇಕು. ಅದರಿಂದ ಸಾಕ್ಷ್ಯಕ್ಕೆ ಧಕ್ಕೆಯಿಲ್ಲವೆಂದು ಅನುಭವಿ ವೈದ್ಯರು ಹೇಳಿರಬೇಕು.

ಸೀರೆಯ ಕೇಸು ಹೈಕೋರ್ಟಿನಲ್ಲಿ ಇನ್ನೂ ಬಾಕಿ. ಗುಮಾಸ್ತರು ಕವರಿನ ಮೇಲೆ ಕೆಂಪು ಶಾಯಿಯಲ್ಲಿ "ನಾಶಪಡಿಸಬಾರದು" ಎಂದು ಬರೆದಿದ್ದಾರೆ. ಆ ಕೋರ್ಟಿಗೆ ಹೋದಾಗಲೆಲ್ಲ ಮೇಲಿನ ಅಟ್ಟದಲ್ಲಿ ಅದು ಇದೆಯೇ ಎಂದು ನೋಡಿಯೇ ಬರುತ್ತೇನೆ.