ಗಾಳಿಗೆ ಎದುರು ಓಡುವ ಕೆಲಸ

ಧಾರವಾಡ ವಲಯದ ತಂಡ, ಬೆಂಗಳೂರು ಲೀಗ್, ಒಂದು ಕಂಪನಿಯ ತಂಡ, ಎಲ್ಲ ಸೇರಿ ನಾನು 13 ಸೀಸನ್ ಆಡಿದ್ದೇನೆ. ನಾಲ್ಕು ಕ್ಲಬ್ ಬದಲಾಯಿಸಿದೆ. ರಣಜಿ ಆಡಲಿಲ್ಲ, ಒಂದು ವರ್ಷ ಸಂಭಾವ್ಯರ ಪಟ್ಟಿಯ ತನಕ ಹೋಗಿ ಬಂದೆ. ಮೀಡಿಯಂ ಪೇಸ್ ಬೌಲಿಂಗ್, ಏಳನೇ ನಂಬರ್ ಬ್ಯಾಟಿಂಗ್. ನಮ್ಮ ಕಡೆಯಿಂದ ಕ್ರಿಕೆಟ್‌ಗೆ ಹೋಗುವ ಹುಡುಗರಲ್ಲಿ ಹೆಚ್ಚಿನವರು ಇಂಥ ಆಟಗಾರರೇ ಆಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಅಪ್ಪ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ. ಆಟ ಶುರುವಾಗಿದ್ದು ಟೆನಿಸ್ ಬಾಲ್‌ನಲ್ಲಿ, ನೀರು ಇಳಿದ ಮೇಲೆ ಗಟ್ಟಿಯಾಗುವ ಮರಳಿನ ಮೇಲೆ. ಹೈಸ್ಕೂಲಿಗೆ ಬಂದಾಗ ಲೆದರ್ ಬಾಲ್ ಕೈಗೆ ಸಿಕ್ಕಿತು, ಆದರೆ ನೆಟ್ಸ್ ಇರಲಿಲ್ಲ. ಅಪ್ಪ ಹಳೆಯ ಬಲೆ ತಂದುಕೊಟ್ಟ. ನಾಲ್ಕು ಕಂಬ ನೆಟ್ಟು ಅದನ್ನೇ ಕಟ್ಟಿಕೊಂಡೆವು, ಎರಡು ವರ್ಷ ಬಾಳಿಕೆ ಬಂತು.

ಬಲೆಗಿಂತ ದೊಡ್ಡದೊಂದನ್ನು ಅಪ್ಪ ಕೊಟ್ಟ. ನಮ್ಮ ಕಡೆ ಬೇಸಿಗೆಯಲ್ಲಿ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಬಿಸಿಲು ಏರಿದ ಹಾಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಮಧ್ಯಾಹ್ನದ ಹೊತ್ತಿಗೆ ಗಾಳಿ ಒಮ್ಮೆ ನಿಂತು, ಆಮೇಲೆ ಕಡಲಿನಿಂದ ಒಳಗೆ ಬೀಸತೊಡಗುತ್ತದೆ. ಅಪ್ಪನಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಗಾಳಿ ತಿರುಗುವುದು ಮಾತ್ರ ಚರ್ಮಕ್ಕೇ ಗೊತ್ತಾಗುತ್ತಿತ್ತು. ‘ಕೆನ್ನೆಗೆ ತಂಪು ತಾಗ್ತಾ ನೋಡು ಮಗಾ’ ಎನ್ನುತ್ತಿದ್ದ. ಮಾಲಾದೇವಿ ಮೈದಾನದಲ್ಲಿ ಆಡುವಾಗ ನಾನು ಅದನ್ನೇ ನೋಡುತ್ತಿದ್ದೆ.

ವಲಯದ ಆಯ್ಕೆಗೆ ಹುಬ್ಬಳ್ಳಿಗೆ ಹೋಗಬೇಕು. ಕಾರವಾರದಿಂದ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ ದಾಟಿ 160 ಕಿಲೋಮೀಟರ್‌ಗಿಂತ ಜಾಸ್ತಿ. ಕಿಟ್ ಬ್ಯಾಗ್ ಕಾಲಿನ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ, ರಾತ್ರಿ ವಾಪಸ್. ಸುಸ್ತಾಯಿತು ಎಂದರೆ ಹುಬ್ಬಳ್ಳಿಯ ಹಿರಿಯರು ಭಾರತ ತಂಡಕ್ಕೆ ಆಡಿದ ಸುನಿಲ್ ಜೋಶಿ ಕಥೆ ಹೇಳುತ್ತಿದ್ದರು. ಗದಗದಿಂದ ದಿನಾ ಬೆಳಗ್ಗೆ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಮತ್ತೆ ಶಾಲೆಗೆ ಗದಗಕ್ಕೆ ಓಡುತ್ತಿದ್ದ ಹುಡುಗ 1995-96ರ ರಣಜಿಯಲ್ಲಿ 500 ರನ್ನೂ ಹೊಡೆದ, 50 ವಿಕೆಟ್ಟೂ ತೆಗೆದ. ಆಲ್‌ರೌಂಡರ್ ಅಂದರೆ ಏನು ಎಂಬ ಅಳತೆ ನನಗೆ ಅಲ್ಲಿಂದ ಸಿಕ್ಕಿತು.

ನಾನು ಅಷ್ಟು ಎತ್ತರದವನಲ್ಲ ಎಂದು ಎರಡೇ ವರ್ಷದಲ್ಲಿ ಗೊತ್ತಾಯಿತು. ಮ್ಯಾಟ್ (ಚಾಪೆ ಹಾಸಿದ ಪಿಚ್) ಮೇಲೆ ಬೆಳೆದ ಬೌಲರ್ ನಾನು. ಮ್ಯಾಟ್ ಮೇಲೆ ಎದೆಗೆ ಏಳುತ್ತಿದ್ದ ಚೆಂಡು ಟರ್ಫ್ (ಹುಲ್ಲು-ಮಣ್ಣಿನ ಪಿಚ್) ಮೇಲೆ ಸೊಂಟದ ಹತ್ತಿರ ಆರಾಮಾಗಿ ಬರುತ್ತಿತ್ತು, ಬ್ಯಾಟ್ಸ್‌ಮನ್ ಕಟ್ ಮಾಡುತ್ತಿದ್ದ. ಲೆಂಗ್ತ್, ಅಂದರೆ ಚೆಂಡು ಬೀಳುವ ಜಾಗ, ಬ್ಯಾಟ್ಸ್‌ಮನ್ ಕಡೆಗೆ ಮುಂದಕ್ಕೆ ತರಲು ಒಂದು ಇಡೀ ಸೀಸನ್ ಹೋಯಿತು. ಆಗ ನನ್ನನ್ನು ತಂಡದಲ್ಲಿ ಉಳಿಸಿದ್ದು ಗಾಳಿ. ಹುಬ್ಬಳ್ಳಿಯಲ್ಲಿ ಒಂದು ಪಂದ್ಯದ ದಿನ ಜೋರು ಗಾಳಿ ಇತ್ತು. ಇಬ್ಬರು ಫಾಸ್ಟ್ ಬೌಲರ್‌ಗಳೂ ಗಾಳಿ ಬೆನ್ನಿಗಿರುವ ಎಂಡ್ ಬೇಕು ಎಂದು ಕೂತರು. ಕ್ಯಾಪ್ಟನ್ ನನ್ನ ಕಡೆ ತಿರುಗಿ, ‘ಏ ಕಾರವಾರ, ಗಾಳಿಗೆ ಎದರ ನೀ ಹಾಕ್ತೀಯೇನ?’ ಎಂದ. ಹಾಕಿದೆ. ಆ ದಿನದಿಂದ ನನ್ನ ಹೆಸರೂ ಕಾರವಾರ, ನನ್ನ ಎಂಡೂ ಅದೇ.

ಎದುರು ಗಾಳಿಯಲ್ಲಿ ಬೌಲಿಂಗ್ ಮಾಡುವುದು ಬರೀ ಮೈ ಸವೆಸುವ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಚೆಂಡು ನಾವು ಗುರಿ ಇಟ್ಟದ್ದಕ್ಕಿಂತ ಸ್ವಲ್ಪ ಮೊದಲೇ ಬೀಳುತ್ತದೆ, ಹಾಗಾಗಿ ಕಣ್ಣು ಇನ್ನೂ ಮುಂದಿನ ಜಾಗದ ಮೇಲಿರಬೇಕು. ಓಟದಲ್ಲಿ ಹೆಜ್ಜೆ ಚಿಕ್ಕದು ಮಾಡಬೇಕು, ಉದ್ದ ಹೆಜ್ಜೆ ಇಟ್ಟರೆ ಗಾಳಿ ಹಿಂದಕ್ಕೆ ತಳ್ಳಿ ಕ್ರೀಸಿನಲ್ಲಿ ತಲೆ ವಾಲುತ್ತದೆ. ಔಟ್‌ಸ್ವಿಂಗರ್ (ಬ್ಯಾಟ್ಸ್‌ಮನ್‌ನಿಂದ ಹೊರಗೆ ತಿರುಗುವ ಚೆಂಡು) ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಬ್ಯಾಟ್ಸ್‌ಮನ್ ಮೊದಲೇ ಆಡಿಬಿಡುತ್ತಾನೆ, ಬೌಲರ್ ಪಕ್ಕದಲ್ಲಿ ಆಫ್ ಬದಿಗೆ ನಿಲ್ಲುವ ಮಿಡ್ ಆಫ್‌ಗೆ ಕ್ಯಾಚ್ ಬರುತ್ತದೆ. ನಾನು ನಾಲ್ಕನೇ ಸ್ಟಂಪ್ ಲೈನ್, ಅಂದರೆ ಆಫ್ ಸ್ಟಂಪಿನ ಸ್ವಲ್ಪ ಹೊರಗೆ, ಬಿಡದೆ ಹಾಕಿ, ಓವರಿಗೆ ಒಂದು ಆಫ್ ಕಟರ್ (ಬಿದ್ದ ಮೇಲೆ ಒಳಗೆ ತಿರುಗುವ ಚೆಂಡು) ಸೇರಿಸುತ್ತಿದ್ದೆ. ಕಟರ್‌ಗೆ ತೋರುಬೆರಳು ಸೀಮಿನ (ಚೆಂಡಿನ ಹೊಲಿಗೆಯ) ಬಲಕ್ಕೆ ಎಳೆಯಬೇಕು ಅಷ್ಟೆ, ಕೈಯ ವೇಗ ಕಡಿಮೆ ಮಾಡಬಾರದು. ನನ್ನ ಎಂಡ್‌ನಲ್ಲಿ ರನ್ ಬಾರದಿದ್ದರೆ ಆ ಕಡೆಯ ಫಾಸ್ಟ್ ಬೌಲರ್‌ಗೆ ವಿಕೆಟ್ ಬರುತ್ತಿತ್ತು. ಸ್ಕೋರ್‌ಬುಕ್‌ನಲ್ಲಿ ಅದು ನನ್ನ ಹೆಸರಿಗೆ ಇರುವುದಿಲ್ಲ, ಆದರೆ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಏಳನೇ ನಂಬರ್ ಬ್ಯಾಟಿಂಗ್ ಕೂಡ ಇದೇ ಜಾತಿಯ ಕೆಲಸ. ಒಂದಕ್ಕಿಂತ ಹೆಚ್ಚು ದಿನ ನಡೆಯುವ ಪಂದ್ಯದಲ್ಲಿ ನಾವು ಇಳಿಯುವ ಹೊತ್ತಿಗೆ 80 ಓವರ್ ಹತ್ತಿರ ಬಂದು ಎರಡನೇ ಹೊಸ ಚೆಂಡು ಬರುವುದಿರುತ್ತದೆ, ಜೊತೆಗೆ ಬಾಲಂಗೋಚಿಗಳು. ಶುರುವಿನಲ್ಲಿ ನಾನು ಎಲ್ಲ ಚೆಂಡು ನಾನೇ ಆಡಬೇಕು ಎಂದು ಸಿಂಗಲ್ ಬಿಡುತ್ತಿದ್ದೆ. ಅದರಿಂದ ಆ ಕಡೆ ನಿಂತವನ ಧೈರ್ಯವೇ ಹೋಗುತ್ತದೆ. ಆಮೇಲೆ ನಾಲ್ಕನೇ ಚೆಂಡಿಗೆ ಸಿಂಗಲ್ ತೆಗೆದು, ಎರಡು ಚೆಂಡು ಅವನಿಗೆ ನಂಬಿ ಕೊಡುವುದನ್ನು ಕಲಿತೆ. ಹತ್ತನೇ ನಂಬರಿನವನ ಜೊತೆ 40 ರನ್ ಸೇರಿಸಿದ ದಿನ ಬಂದ ಖುಷಿ ನನಗೆ ಬೇರೆ ಯಾವುದರಲ್ಲೂ ಬಂದಿಲ್ಲ.

ನನ್ನ ಒಳ್ಳೆಯ ವರ್ಷಗಳಲ್ಲಿ ಕರ್ನಾಟಕಕ್ಕೆ ಬೌಲಿಂಗ್‌ನಲ್ಲಿ ವಿನಯ್ ಕುಮಾರ್, ಮಿಥುನ್, ಅರವಿಂದ್ ಇದ್ದರು, ಆಲ್‌ರೌಂಡರ್ ಜಾಗಕ್ಕೆ ಸ್ಟುವರ್ಟ್ ಬಿನ್ನಿ. 2013-14, 2014-15 ಎರಡೂ ವರ್ಷ ರಣಜಿ ಗೆದ್ದ ತಂಡ. ಎರಡನೇ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ಹೊಡೆದರೆ, ದಾವಣಗೆರೆಯ ವಿನಯ್ ಐದು ವಿಕೆಟ್ ತೆಗೆದು ಶತಕವನ್ನೂ ಹೊಡೆದರು. ನನ್ನಂಥ ಮೀಡಿಯಂ ಪೇಸ್ ಬೌಲರ್‌ಗೆ ಒಳಗೆ ಹೋಗಲು ಜಾಗ ಇರಲಿಲ್ಲ, ಅದರಲ್ಲಿ ಅನ್ಯಾಯ ಏನೂ ಇಲ್ಲ. ನೋವಾಗಿದ್ದು ಬೇರೆ ಕಡೆ. ಒಂದು ಕ್ಲಬ್ ಮೂರು ವರ್ಷ ಆಡಿಸಿ, ನಾಲ್ಕನೇ ವರ್ಷ ಒಂದು ಮಾತೂ ಹೇಳದೆ ಕೈಬಿಟ್ಟಿತು. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಇಳಿದ ಮೇಲೆ ನನಗೆ ತಿಳಿಯಿತು. ಒಂದು ಫೋನ್ ಮಾಡಬಹುದಿತ್ತು ಅಲ್ವಾ?

28ನೇ ವಯಸ್ಸಿಗೆ ಬೆನ್ನಿನ ಕೆಳಗಿನ ಮೂಳೆಯಲ್ಲಿ ಬಿರುಕು ಬಂತು. ಸೊಂಟ ಬ್ಯಾಟ್ಸ್‌ಮನ್ ಕಡೆ, ಭುಜ ಪಕ್ಕಕ್ಕೆ ತಿರುಗಿರುವ ಮಿಶ್ರ ಆ್ಯಕ್ಷನ್ ನನ್ನದು. ಹಾಗೆ ಹಾಕುವವರಿಗೆ ಬೆನ್ನು ತಿರುಚಿ ಇದು ಬರುವುದು ಜಾಸ್ತಿ. ಏಳು ತಿಂಗಳು ಬೌಲಿಂಗ್ ಇಲ್ಲ. ಮಕ್ಕಳಿಗೆ ಕಲಿಸುವಾಗ ಈಗ ನಾನು ಮೊದಲು ನೋಡುವುದು ಸೊಂಟ ಮತ್ತು ಭುಜವನ್ನೇ.

ದುಡ್ಡಿನ ವಿಷಯ ಮುಚ್ಚಿಡಬಾರದು. 2021-22ರಿಂದ ರಣಜಿಯ ಹೊಸ ಆಟಗಾರನಿಗೂ ಆಡುವ ಹನ್ನೊಂದರಲ್ಲಿದ್ದರೆ ದಿನಕ್ಕೆ 40,000 ರೂಪಾಯಿ ಇದೆ. ಅದರ ಒಂದು ಮೆಟ್ಟಿಲು ಕೆಳಗೆ ನನಗೆ ಸಿಕ್ಕಿದ್ದು ಬಸ್ ಚಾರ್ಜ್, ಊಟ. ನಾನು ಡಿಪ್ಲೊಮಾ ಮುಗಿಸಿದ್ದರಿಂದ ಕೆಲಸ ಸಿಕ್ಕಿತು, ಆಟವೂ ನಡೆಯಿತು. ಹುಡುಗರೇ, ಓದು ಬಿಡಬೇಡಿ.

ಕೊನೆಯ ಪಂದ್ಯ ಕಾರವಾರದಲ್ಲೇ ಆಡಿದೆ. ಕ್ಯಾಪ್ಟನ್ 21 ವರ್ಷದ ಹುಡುಗ. ಊಟ ಮುಗಿಸಿ ಇಳಿದಾಗ ಗಾಳಿ ನಿಂತಿತ್ತು. ‘ಅಣ್ಣಾ, ಯಾವ ಎಂಡ್?’ ಎಂದು ಕೇಳಿದ. ಅಪ್ಪ ಗೇಟಿನ ಹತ್ತಿರ ತೆಂಗಿನ ಮರದ ನೆರಳಲ್ಲಿ ಕೂತು ಕಡಲಿನ ಕಡೆ ನೋಡುತ್ತಿದ್ದ. ಇನ್ನು ಹತ್ತು ನಿಮಿಷದಲ್ಲಿ ತಿರುಗುತ್ತದೆ ಎಂದು ಹೇಳಿ, ಚೆಂಡು ತೆಗೆದುಕೊಂಡು ಕಡಲಿಗೆ ಮುಖ ಮಾಡಿ ಓಡುವ ಎಂಡ್‌ಗೆ ಹೋದೆ. ಎರಡನೇ ಓವರಿನ ನಡುವೆ ಕೆನ್ನೆಗೆ ತಂಪು ತಾಗಿತು. ಹೆಜ್ಜೆ ಚಿಕ್ಕದು ಮಾಡಿದೆ. 9 ಓವರ್, 24 ರನ್, ಒಂದು ವಿಕೆಟ್. ಮಿಡ್ ಆಫ್‌ನಲ್ಲಿ ಕ್ಯಾಚ್.