ಜಿಮ್ ಕಂಟೇನರನ್ನು ಸಾಲುಸಾಲಾಗಿ ಒಡೆದು ಬಿಡಿಸಿಕೊಂಡ ಬಗೆ

ಟ್ರೆಡ್‌ಮಿಲ್, ಡಂಬೆಲ್, ಬಿಡಿಭಾಗ ಎಲ್ಲವನ್ನೂ 9506 91 90 ಎಂಬ ಒಂದೇ ಸುಂಕದ ಕೋಡಿಗೆ ತುಂಬಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆ) ಹಾಕಿಬಿಡಿ, ಸಾಲು ಹೆಚ್ಚಾದಷ್ಟೂ ಅಧಿಕಾರಿಗಳ ಕ್ವೆರಿ ಹೆಚ್ಚು ಅಂತ ನಾನು ಕೇಳಿದ ಸಿಎಚ್‌ಎಗಳೆಲ್ಲ (ಕಸ್ಟಮ್ಸ್ ಏಜೆಂಟರು) ಹೇಳಿದರು. ನಾನು ಮಾಡಿದ್ದು ತದ್ವಿರುದ್ಧ. ಒಂದೊಂದು ಬಗೆಯ ಸರಕಿಗೂ ಅದರದೇ ಕೋಡಿನಂತೆ ಒಂದು ನಲವತ್ತಡಿ ಕಂಟೇನರಿಗೆ ಇಪ್ಪತ್ತಕ್ಕೂ ಮಿಕ್ಕಿ ಸಾಲು ಒಡೆದೆ. ಕೆಲವು ಸಾಲಿಗೆ ಹೆಚ್ಚೇ ಡ್ಯೂಟಿ ಬಿತ್ತು, ಆದರೂ ಒಟ್ಟು ಖರ್ಚು ಇಳಿಯಿತು. ಬೆಂಗಳೂರಿನ ವೈಟ್‌ಫೀಲ್ಡ್ ಐಸಿಡಿಗೆ (ಒಳನಾಡಿನ ಕಂಟೇನರ್ ನಿಲ್ದಾಣ) ಈಚೆಗೆ ಬಂದ ಕಂಟೇನರುಗಳು ಬಹುತೇಕ ಕ್ವೆರಿಯೇ ಇಲ್ಲದೆ ಔಟ್ ಆಫ್ ಚಾರ್ಜ್, ಅಂದರೆ ಬಿಡುಗಡೆ, ಆಗಿವೆ. ಬೇಡವೆಂದವರೇ ಈಗ ನನ್ನ ಇನ್‌ವಾಯ್ಸ್ ನಮೂನೆ ಕೇಳುತ್ತಿದ್ದಾರೆ.

ಪೂರ್ತಿ ಯಂತ್ರಗಳಲ್ಲಿ ಜಗಳವೇನೂ ಇಲ್ಲ. ಟ್ರೆಡ್‌ಮಿಲ್, ಸೈಕಲ್, ರೋಯಿಂಗ್ ಯಂತ್ರ, ಬಾರ್‌ಬೆಲ್, ಕೈ ಗ್ರಿಪ್ಪರ್ ಎಲ್ಲವೂ 9506 91. ಸುಂಕಪಟ್ಟಿಯ ಕೋಡುಗಳನ್ನು ಬಿಡಿಸಿ ಹೇಳುವ ವಿವರಣಾ ಟಿಪ್ಪಣಿಯ ಪಟ್ಟಿಯಲ್ಲಿ ನಮ್ಮ ಗರಡಿಮನೆಯ ಮುದ್ಗರವೂ ಡಂಬೆಲ್ ಪಕ್ಕದಲ್ಲೇ ಇದೆ. ದುಡ್ಡು ಸೋರುವುದು ಬಿಡಿಭಾಗಗಳಲ್ಲಿ. 9506 ಇರುವ, ಸುಂಕಪಟ್ಟಿಯ ಅಧ್ಯಾಯ 95ರ ಮೂರನೇ ಟಿಪ್ಪಣಿ ಓದಿ 'ಬಿಡಿಭಾಗವೂ ಇಲ್ಲೇ' ಎಂದುಕೊಳ್ಳುವವರು ಒಂದನೇ ಟಿಪ್ಪಣಿಗೆ ಮರಳುವುದೇ ಇಲ್ಲ. ವಿದ್ಯುತ್ ಮೋಟಾರು, ಟ್ರಾನ್ಸ್‌ಫಾರ್ಮರು, ರೇಡಿಯೊ ರಿಮೋಟು ಮತ್ತು ಸೆಕ್ಷನ್ 15ರ ಸಾಮಾನ್ಯ ಬಳಕೆಯ ಲೋಹದ ಭಾಗಗಳನ್ನು ಅದು ಅಧ್ಯಾಯದಿಂದಲೇ ಹೊರಗಿಡುತ್ತದೆ. ಬಿಡಿಯಾಗಿ ತರಿಸಿದ ಟ್ರೆಡ್‌ಮಿಲ್ ಮೋಟಾರು 8501ಕ್ಕೆ, ಬೋಲ್ಟು 7318ಕ್ಕೆ, ಸ್ಪ್ರಿಂಗು 7320ಕ್ಕೆ, ಸೈಕಲ್ ಚೈನು 7315ಕ್ಕೆ ಹೋಗುತ್ತವೆ. ಓಡುವ ಬೆಲ್ಟು, ಪೆಡಲು, ಸೀಟು, ಕವರು 9506ರಲ್ಲೇ ಉಳಿಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮಲ್ಟಿಜಿಮ್ಮಿನ ಉಕ್ಕಿನ ಕೇಬಲ್. ತುದಿಗೆ ಕೊಕ್ಕೆ, ಉಂಗುರ ಹಾಕಿದ್ದರೂ ಅದು 7312ರ ಸರಕೇ. ಉಕ್ಕಿನ ಸಾಮಾನುಗಳ ಅಧ್ಯಾಯ 73 ಅಂದಮೇಲೆ ಸಿಮ್ಸ್ (ಉಕ್ಕಿನ ಆಮದಿನ ಮೇಲೆ ಕಣ್ಣಿಡುವ ಸರ್ಕಾರಿ ವ್ಯವಸ್ಥೆ) ನೋಂದಣಿ ಬೇಕು, ಅದೂ ಸರಕು ಬರುವ ಮೊದಲೇ. 9506 ಎಂದು ತೋರಿಸಿದ ಎರಡು ಪೆಟ್ಟಿಗೆ ಕೇಬಲನ್ನು ಪರೀಕ್ಷೆಯ ವೇಳೆ 7312ಕ್ಕೆ ತಿರುಗಿಸಿದರೆ, ನೋಂದಣಿ ಇಲ್ಲದೆ ಇಡೀ ಕಂಟೇನರು ನಿಲ್ಲುತ್ತದೆ. ಕೇಬಲಿನ ಬೆಲೆ ಮೂವತ್ತು ಸಾವಿರವೂ ಇರಲಿಕ್ಕಿಲ್ಲ. ಕಂಟೇನರು ಹಿಡಿದಿಟ್ಟುಕೊಂಡ ಶುಲ್ಕ (ಡಿಟೆನ್ಷನ್), ನಿಲ್ದಾಣದ ಜಾಗದ ಶುಲ್ಕ (ಡೆಮರೇಜ್) ಸೇರಿದರೆ ದಿನಕ್ಕೆ ಎಂಟು ಹತ್ತು ಸಾವಿರದ ಲೆಕ್ಕ. ಈಗ ಕೇಬಲಿಗೆ ಮೊದಲೇ ಸಿಮ್ಸ್ ನಂಬರು ತೆಗೆದು ಬೇರೆ ಸಾಲಿನಲ್ಲಿ ತೋರಿಸುತ್ತೇನೆ.

ಯಂತ್ರವನ್ನು ಬಿಚ್ಚಿ ತರಿಸುವವರಿಗೆ ಸುಂಕಪಟ್ಟಿಯನ್ನು ಓದುವ ಸಾಮಾನ್ಯ ನಿಯಮಗಳಲ್ಲಿ ನಿಯಮ 2(ಎ) ಆಸರೆ: ಜೋಡಿಸದೆ ಬಂದರೂ ಪೂರ್ತಿ ಯಂತ್ರವೇ, ಒಳಗಿನ ಮೋಟಾರೂ 9506ರಲ್ಲೇ. ಆದರೆ ಒಟ್ಟಿಗೆ ಬಂದರೆ ಮಾತ್ರ. ಜಾಗ ಹೊಂದಿಸಲು ಪೂರೈಕೆದಾರ ಚೌಕಟ್ಟುಗಳನ್ನು ಒಂದು ಕಂಟೇನರಿಗೂ ಮೋಟಾರು, ಕನ್ಸೋಲುಗಳನ್ನು ಮುಂದಿನ ವಾರದ ಕಂಟೇನರಿಗೂ ಹಾಕಿದರೆ ನಿಯಮ ಕೆಲಸಕ್ಕೆ ಬಾರದು. ಮೋಟಾರು 8501ಕ್ಕೆ ಜಾರುತ್ತದೆ. ಹಾಗಾಗಿ ಖರೀದಿ ಆದೇಶದಲ್ಲೇ ಒಂದು ಷರತ್ತು ಬರೆಸುತ್ತೇನೆ: ಒಂದು ಯಂತ್ರದ ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಸೀರಿಯಲ್ ನಂಬರು, 1/3, 2/3, 3/3 ಎಂಬ ಗುರುತು, ಅದೇ ಕ್ರಮದಲ್ಲಿ ಪ್ಯಾಕಿಂಗ್ ಲಿಸ್ಟು. ಪೆಟ್ಟಿಗೆ ಒಡೆದು ನೋಡುವ ಅಧಿಕಾರಿಗೆ ಆ ಗುರುತೇ ಸಾಕು.

ಜಿಮ್ ಬಾಲ್ ಇನ್ನೊಂದು ತಲೆನೋವು. 2018ರ ಬಜೆಟ್ 9506ರ ಉಳಿದ ಸರಕಿನ ಮೂಲ ಸುಂಕವನ್ನು 10ರಿಂದ 20ಕ್ಕೆ ಏರಿಸಿ 9506 91ನ್ನು ಮಾತ್ರ ಬಿಟ್ಟಿತು. ಗಾಳಿ ತುಂಬುವ ಚೆಂಡು ಎಂದು 9506 62ಕ್ಕೆ ತಳ್ಳಿದರೆ, ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ 11ರ ಬದಲು 22 ಪ್ರತಿಶತ. ಹತ್ತು ಲಕ್ಷದ ಸರಕಿಗೆ ಒಂದು ಲಕ್ಷ ಹತ್ತು ಸಾವಿರ ಹೆಚ್ಚುವರಿ, ಅದಕ್ಕೆ ಜಿಎಸ್‌ಟಿಯಂತೆ ಇನ್‌ಪುಟ್ ಕ್ರೆಡಿಟ್ಟೂ (ಕಟ್ಟಿದ್ದನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗದು. (ದರವನ್ನು ಬಿಲ್ ಹಾಕುವ ದಿನ ಮತ್ತೆ ನೋಡಿಕೊಳ್ಳಿ.) ನನ್ನ ವಾದ ಹೀಗೆ: ವಿವರಣಾ ಟಿಪ್ಪಣಿ ಮೆಡಿಸಿನ್ ಬಾಲನ್ನೂ ಹಿಡಿಯಿರುವ ಜಿಗಿತದ ಚೆಂಡನ್ನೂ ವ್ಯಾಯಾಮದ ಗುಂಪಿನಲ್ಲೇ ಇಟ್ಟಿದೆ, ಇದು ಆಡುವ ಚೆಂಡಲ್ಲ, ಮೇಲೆ ಕೂತು ವ್ಯಾಯಾಮ ಮಾಡುವ ಸಾಧನ, ಎಷ್ಟು ಕಿಲೋ ಭಾರ ತಾಳುತ್ತದೆ ಎಂಬುದು ಪೆಟ್ಟಿಗೆಯ ಮೇಲೇ ಇದೆ. ಈ ಮೂರನ್ನು ಒಂದೇ ಹಾಳೆಗೆ ತಂದು ಕಸ್ಟಮ್ಸಿನ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಇ-ಸಂಚಿತ್‌ಗೆ ಏರಿಸುತ್ತೇನೆ. ಇನ್‌ವಾಯ್ಸಿನ ವಿವರಣೆಯಲ್ಲಿ ಬಳಸುವ ಪದಗಳನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ. ಸರಕು ಐವತ್ತು ಸಾವಿರದೊಳಗಿದ್ದರೆ ವಾದವೇ ಬೇಡ, 62ರಲ್ಲಿ ಕಟ್ಟಿ ಬಿಡಿಸಿಕೊಳ್ಳುವುದು ಅಗ್ಗ.

ಗ್ಲೌಸ್ ಬಗ್ಗೆ ಒಂದು ಮಾತು. 9506 91 10 ಬಾಕ್ಸಿಂಗ್ ಉಪಕರಣದ ಸಾಲು ನಿಜ, ಆದರೆ ಒಂದನೇ ಟಿಪ್ಪಣಿ ಕೈಗವಸುಗಳನ್ನು ಅವುಗಳ ವಸ್ತುವಿನ ಶೀರ್ಷಿಕೆಗೇ ಕಳಿಸುತ್ತದೆ. ಚರ್ಮದ ಕ್ರೀಡಾ ಗ್ಲೌಸ್ 4203 21. ನೆಲಕ್ಕೆ ಹಾಸುವ ರಬ್ಬರ್ ಟೈಲ್ 4016 91.

ನಡುವೆ ಚಿಕಿತ್ಸೆ, ಮಸಾಜ್ ಸಾಧನಗಳ ಕೋಡಾದ 9019ರ ಪ್ರಯೋಗವನ್ನೂ ಮಾಡಿ ನೋಡಿದೆ. ಒರಗಿ ಕೂರುವ ಸೈಕಲ್ಲಿನ ಕ್ಯಾಟಲಾಗಿನಲ್ಲಿ ಪುನಶ್ಚೇತನ ಚಿಕಿತ್ಸೆಯ ಮಾತಿತ್ತು. ಮೆಕಾನೊಥೆರಪಿ (ಯಂತ್ರದ ನೆರವಿನ ಅಂಗಚಲನೆ ಚಿಕಿತ್ಸೆ) ಎಂದು ತೋರಿಸಿದರೆ ಮೂಲ ಸುಂಕ ಉಳಿಯುತ್ತದೆ ಎಂಬ ಆಸೆ ಹಲವರಿಗೆ. ಅದು ಹೂಡಿಕೆಗೆ ತಕ್ಕ ದಾರಿಯಲ್ಲ. ಮನೆಯಲ್ಲೋ ಜಿಮ್ಮಿನಲ್ಲೋ ಬಳಸುವ ರೋಯಿಂಗ್ ಯಂತ್ರ, ನಿಂತ ಸೈಕಲ್ಲುಗಳನ್ನು 9019ರ ಟಿಪ್ಪಣಿಯೇ 9506ಕ್ಕೆ ಬಿಟ್ಟುಕೊಡುತ್ತದೆ. ಮೇಲೆ 2020ರಿಂದ 9018–9022ಕ್ಕೆ 5 ಪ್ರತಿಶತ ಆರೋಗ್ಯ ಸೆಸ್. ವೈದ್ಯಕೀಯ ಉಪಕರಣ ಎಂದಮೇಲೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ ಕಾಗದವನ್ನೂ ಕೇಳುತ್ತಾರೆ. ಮಸಾಜ್ ಕುರ್ಚಿ ಮಾತ್ರ ನಿಸ್ಸಂಶಯವಾಗಿ 9019 10 20.

ಸಾಲು ಒಡೆಯುವುದು ಫಲಿಸಿದ್ದಕ್ಕೆ ಫೇಸ್‌ಲೆಸ್ ಅಸೆಸ್‌ಮೆಂಟೂ ಒಂದು ಕಾರಣ. 2020ರ ಜೂನ್‌ನಲ್ಲಿ ಬೆಂಗಳೂರು, ಚೆನ್ನೈಗಳಲ್ಲಿ 84, 85ನೇ ಅಧ್ಯಾಯಗಳಿಂದ ಶುರುವಾದ ಪದ್ಧತಿ ಈಗ ಎಲ್ಲೆಡೆ. ಕಡತ ನೋಡುವ ಅಧಿಕಾರಿ ಬೇರೆ ಊರಿನಲ್ಲಿರುತ್ತಾರೆ, ಸಾಮಾನು ತೋರಿಸಿ ವಿವರಿಸುವ ಅವಕಾಶವಿಲ್ಲ. 'ಜಿಮ್ ಬಿಡಿಭಾಗ, 40 ಪೆಟ್ಟಿಗೆ' ಎಂದಿದ್ದರೆ ಅವರು ಕೇಳಲೇಬೇಕು. ಪ್ರತಿ ಸಾಲಿಗೂ ಫೋಟೊ, ವಸ್ತು, ಯಾವ ಮಾದರಿಗೆ ಹೊಂದುತ್ತದೆ, ಯಾವ ಟಿಪ್ಪಣಿ ಎಂದಿದ್ದರೆ ಕೇಳಲು ಏನೂ ಉಳಿಯುವುದಿಲ್ಲ. ಈ ಮಾಹಿತಿಯನ್ನು ಪೂರೈಕೆದಾರರಿಂದ ಪಡೆಯುವುದಕ್ಕೆ ನನ್ನದೇ ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಕನ್ಸೋಲಿನಲ್ಲಿ ಬ್ಲೂಟೂತ್ ಇದ್ದರೆ ಕೇಂದ್ರದ ವೈರ್‌ಲೆಸ್ ವಿಭಾಗವಾದ ಡಬ್ಲ್ಯುಪಿಸಿಯ ಇಟಿಎ ಅನುಮೋದನೆ ಬೇಕು. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿದ್ಯುತ್ ಭಾಗಗಳಿರುವ ಕ್ರೀಡಾ ಸಾಧನವೂ ಇರುವುದರಿಂದ ಇಪಿಆರ್ (ಹಳತಾದ ಸಾಧನದ ವಿಲೇವಾರಿಯ ಹೊಣೆ) ನೋಂದಣಿಯನ್ನೂ ಇಟ್ಟುಕೊಳ್ಳಿ.

ದೊಡ್ಡ ಮೊತ್ತದ ಹೊಸ ಮಾದರಿಯಾದರೆ ಮುಂಗಡ ತೀರ್ಪಿಗೆ (ಸರಕಿಗೆ ಯಾವ ಕೋಡ್ ಎಂದು ಮೊದಲೇ ಕೇಳಿ ಪಡೆಯುವ ಆದೇಶ) ಹೋಗುವುದೇ ಲೇಸು: ಅರ್ಜಿಗೆ ಹತ್ತು ಸಾವಿರ, ಮೂರು ತಿಂಗಳ ಗಡುವು, ತೀರ್ಪಿಗೆ ಕೆಲವು ವರ್ಷದ ಬಾಳಿಕೆ. ಅಧಿಕಾರಿ ನಿಮ್ಮ ಕೋಡ್ ಬದಲಿಸಿದರೆ, ಕಟ್ಟಿ ಬಿಡಿಸಿಕೊಂಡು ಆಮೇಲೆ ರೀಫಂಡ್ ಕೇಳೋಣ ಎಂದು ಕೂರಬೇಡಿ. ಅಸೆಸ್‌ಮೆಂಟನ್ನೇ ಬದಲಿಸಿಕೊಳ್ಳದೆ ರೀಫಂಡ್ ಸಿಗದು ಎಂದು ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಒಪ್ಪಿಗೆಯಿಲ್ಲವೆಂದು ಬರೆದುಕೊಟ್ಟು ಕಸ್ಟಮ್ಸ್ ಕಾಯ್ದೆಯ 17(5)ರಡಿ ಕಾರಣಸಹಿತ ಆದೇಶ ಕೇಳಿ. ಹದಿನೈದು ದಿನದೊಳಗೆ ಅವರು ಕೊಡಬೇಕು. ಅದು ಕೈಗೆ ಬಂದ ಅರವತ್ತು ದಿನದೊಳಗೆ ಮೇಲ್ಮನವಿ ಹಾಕಿ.