ಮೂರು ಬಿಳಿ ತಂದು ಕೊನೆಗೆ ಏಲಕ್ಕಿ ಬಣ್ಣ ಬೆರೆಸಿದೆ

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ದೂರ, ತೋಟದ ಒಳಗೆ. ಅಪ್ಪ ಕಟ್ಟಿಸಿದ ಮನೆ, ನೆಲವೆಲ್ಲ ರೆಡ್ ಆಕ್ಸೈಡ್. ತಂಗಿ ಮದುವೆ ಸಮಯದಲ್ಲಿ ಹಾಲ್‌ಗೆ ಸುತ್ತಲೂ ನಾಲ್ಕಿಂಚಿನ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಕಾರ್ನಿಸ್, ಅಂದರೆ ಗೋಡೆ ಸೀಲಿಂಗ್ ಸೇರೋ ಕಡೆ ಕೂರಿಸೋ ಪಟ್ಟಿ, ಹಾಕಿಸಿದ್ದೆವು, ಬಳ್ಳಿ, ಹೂವಿನ ಡಿಸೈನ್. ಪೇಂಟರ್ ಹೇಳಿದ ಅಂತ ಬಿಳಿ ಆಯಿಲ್ ಪೇಂಟ್ ಬಳಿಸಿ, ಹೂವಿಗೆಲ್ಲ ಚಿನ್ನದ ಬಣ್ಣ ಕೊಡಿಸಿದೆ. ಮದುವೆ ಫೋಟೋದಲ್ಲಿ ಏನೋ ಚೆನ್ನಾಗೇ ಬಂತು.

ಎರಡು ಮಳೆಗಾಲ ಕಳೆಯೋದರೊಳಗೆ ಬಿಳಿ ಹೋಗಿ ಹಳೇ ಪೇಪರ್ ಬಣ್ಣ ಬಂತು. ಚಿನ್ನದ ಹೂವುಗಳು ಕಪ್ಪಾದವು. ಆಯಿಲ್ ಪೇಂಟ್‌ಗೆ ಬೆಳಕು ಸಿಗದಿದ್ದರೆ ಹಳದಿ ತಿರುಗುತ್ತದೆ, ಅಗ್ಗದ ಚಿನ್ನದ ಬಣ್ಣದಲ್ಲಿ ಇರೋದು ತಾಮ್ರ ಬೆರೆತ ಲೋಹದ ಪುಡಿ, ತೇವ ಬಿದ್ದರೆ ಕಪ್ಪಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಕೊಂಡೇ ಇರೋ ನಮ್ಮ ಮನೆಗೆ ಇವೆರಡೂ ಆಗಿ ಬರೋದಲ್ಲ ಅಂತ ಆಮೇಲೆ ಗೊತ್ತಾಯ್ತು.

ಈ ಸಲ ನಾನೇ ಮಾಡೋಣ ಅಂತ ಫೆಬ್ರವರಿಗೆ ಕಾದೆ. ಕಾಫಿ ಕುಯ್ಲು ಮುಗಿಯುತ್ತಾ ಬಂದಿತ್ತು, ಗೋಡೆ ಚೆನ್ನಾಗಿ ಒಣಗಿತ್ತು, ಕಾಫಿ ಗಿಡ ಹೂ ಬಿಡಿಸೋ ಹೂಮಳೆ ಇನ್ನೂ ಬಂದಿರಲಿಲ್ಲ. ಗೋಡೆಗೆ ಮೊದಲೇ ಎಳೆ ಏಲಕ್ಕಿ ಹಸಿರು ಅಂತ ನಿರ್ಧಾರ ಆಗಿತ್ತು. ಕಾರ್ನಿಸ್‌ಗೆ ಬಿಳಿ ತಾನೇ, ಅದರಲ್ಲಿ ಆರಿಸೋಕೆ ಏನಿದೆ ಅಂದ್ಕೊಂಡೆ. ಅಂಗಡಿಯ ಶೇಡ್ ಕಾರ್ಡ್ ನೋಡಿದರೆ ಬಿಳಿಯೇ ಒಂದು ಪುಟ ತುಂಬಾ! ನೀಲಿ ಛಾಯೆಯದು, ಕೆನೆ ಬಣ್ಣದ್ದು, ಬೂದಿ ಬಣ್ಣದ್ದು ಹೀಗೆ ಮೂರು ಸಣ್ಣ ಡಬ್ಬಿ ತಂದೆ.

ಹಳೇ ಕಾರ್ನಿಸ್ ತುಂಡುಗಳು ಅಟ್ಟದಲ್ಲಿದ್ದವು. ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು, ಒಣಗಿಸಿ, ಏಣಿ ಹತ್ತಿ ಟೇಪ್ ಹಾಕಿ ಮೇಲೆ ಅದರ ಜಾಗದಲ್ಲೇ ಅಂಟಿಸಿದೆ. ಇದೊಂದು ಕೆಲಸ ಮಾಡದೇ ಇದ್ದಿದ್ದರೆ ಮತ್ತೆ ದುಡ್ಡು ದಂಡ ಆಗ್ತಿತ್ತು. ಬೆಳಗ್ಗೆ ಮಂಜು ಇದ್ದಾಗ ನೀಲಿ ಬಿಳಿ ಒದ್ದೆ ಸಿಮೆಂಟ್ ಥರ ಕಾಣಿಸಿತು, ರಾತ್ರಿ ಬಿಳಿ ಎಲ್ಇಡಿ ಹಾಕಿದರೆ ಆಸ್ಪತ್ರೆ ವಾರ್ಡ್. ಬೂದಿ ಬಣ್ಣದ್ದು ಬೂಷ್ಟು ಹಿಡಿದ ಹಾಗೇ ಇತ್ತು, ಅದು ನಮ್ಮಲ್ಲಿ ಬೇರೆ ಬೇಕಾ? ಕೆನೆ ಬಣ್ಣ ಒಳ್ಳೇದು ಅನ್ನೋಷ್ಟರಲ್ಲಿ ಹನ್ನೊಂದು ಗಂಟೆಗೆ ಬಿಸಿಲು ಒಳಗೆ ಬಂತು, ನೋಡ್ತಾ ನೋಡ್ತಾ ಅದು ಗುಲಾಬಿ ಆಯ್ತು.

ಸ್ವಲ್ಪ ಹೊತ್ತು ತಲೆಗೆ ಹೊಳೆಯಲಿಲ್ಲ. ಆಮೇಲೆ ನೆಲದ ಮೇಲೆ ಬೆಳ್ಳಗಿನ ಬೆಡ್‌ಶೀಟ್ ಹಾಸಿದೆ, ಗುಲಾಬಿ ಮಾಯ. ಕಾರ್ನಿಸ್‌ನ ಮುಖ ಕೆಳಕ್ಕೆ ಬಾಗಿರುತ್ತಲ್ವಾ, ಅದಕ್ಕೆ ಬೀಳೋ ಬೆಳಕು ಜಾಸ್ತಿ ನೆಲದಿಂದ ಪುಟಿದು ಬಂದದ್ದೇ. ಕೆಂಪು ನೆಲದಿಂದ ಬಂದ ಬೆಳಕು ಕೆಂಪೇ.

ಕೆಂಪನ್ನು ತಗ್ಗಿಸೋಕೆ ಒಂಚೂರು ಹಸಿರು ಬೇಕು. ಹಸಿರು ಮನೆಯಲ್ಲೇ ಇತ್ತು. ಗೋಡೆಯ ಪೇಂಟ್ ಕಾಲು ಲೀಟರ್, ಅದೇ ಕಂಪನಿಯ ಅದೇ ಥರದ ಬಿಳಿ ಎಮಲ್ಷನ್ (ನೀರಿನ ಪೇಂಟ್) ಮುಕ್ಕಾಲು ಲೀಟರ್ ಬೆರೆಸಿ ನಾಲ್ಕನೇ ತುಂಡಿಗೆ ಬಳಿದೆ. ಬಿಸಿಲಲ್ಲೂ ಬಿಳಿ, ಮಂಜಲ್ಲೂ ಬಿಳಿ, ಬರೀ ಬಿಳಿಗಿಂತ ಸ್ವಲ್ಪ ಮೆತ್ತಗೆ. ಅಮ್ಮ ಕೆಳಗಿಂದಲೇ, "ಅದೇ ಇರ್ಲಿ, ಇನ್ನು ಏಣಿ ಇಳಿ" ಅಂದರು.

ಒಂದೇ ಬಕೆಟ್‌ನಲ್ಲಿ ಒಂದೇ ಸಲ ಬೆರೆಸಿ. ಎರಡನೇ ಸಲ ಅದೇ ಬಣ್ಣ ಬರೋಲ್ಲ. 16 ಅಡಿ ಉದ್ದ, 12 ಅಡಿ ಅಗಲದ ಹಾಲ್ ಸುತ್ತ 56 ಅಡಿ ಕಾರ್ನಿಸ್, ಎರಡು ಕೋಟ್ ಹೊಡೆದರೂ ಒಂದು ಲೀಟರ್‌ನಲ್ಲಿ ಮಿಕ್ಕಿತು. ಮಿಕ್ಕಿದ್ದನ್ನು ಬಾಟಲಿಗೆ ತುಂಬಿ ಇಟ್ಟಿದ್ದೀನಿ.

ಬಳಿಯೋದಕ್ಕಿಂತ ಮೊದಲಿನ ಕೆಲಸವೇ ಜಾಸ್ತಿ. ಬೂಷ್ಟಿನ ಮೇಲೆ ಬಣ್ಣ ಹೊಡೆದರೆ ಅದು ಮತ್ತೆ ಎದ್ದು ಬರುತ್ತೆ, ಹಾಗಾಗಿ ನೀರು ಬೆರೆಸಿದ ಬ್ಲೀಚ್‌ನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಹೂವಿನ ಸಂದಿಯೆಲ್ಲ ತಿಕ್ಕಿದೆ (ಗ್ಲೌಸ್ ಹಾಕಿ, ಕಿಟಕಿ ತೆಗೆದಿಟ್ಟು, ಬೇರೆ ಯಾವ ಕ್ಲೀನರ್ರೂ ಬೆರೆಸದೆ). ಒರೆಸಿ ಎರಡು ದಿನ ಒಣಗಲು ಬಿಟ್ಟೆ. ಆಯಿಲ್ ಪೇಂಟ್‌ನ ಹೊಳಪು ಹೋಗೋವರೆಗೆ ಸ್ಯಾಂಡ್ ಪೇಪರ್ ಹಾಕಿ ಪ್ರೈಮರ್ ಕೊಟ್ಟೆ, ಇಲ್ಲದಿದ್ದರೆ ಎಮಲ್ಷನ್ ಹಿಡಿಯದೆ ಸಿಪ್ಪೆ ಏಳುತ್ತೆ.

ಈ ಸಲ ಹೂವಿಗೆ ಬೇರೆ ಬಣ್ಣ ಕೊಡಲಿಲ್ಲ. ನಮ್ಮ ಸೀಲಿಂಗ್ ಒಂಬತ್ತೂವರೆ ಅಡಿ ಅಷ್ಟೇ, ಮೇಲೆ ಗಾಢ ಬಣ್ಣ ಬಂದರೆ ಇನ್ನೂ ಕೆಳಗೆ ಇಳಿದ ಹಾಗೆ ಕಾಣುತ್ತೆ. ಹೂವು ಎದ್ದು ಕಾಣೋಕೆ ಅದರ ನೆರಳೇ ಸಾಕು.

ಪೂರ್ವದ ಮೂಲೆಯಲ್ಲಿ ಒಂದಡಿ ಮಾತ್ರ ಹಾಗೇ ಬಿಟ್ಟಿದ್ದೀನಿ. ಅಲ್ಲಿ ಮೇಲಿಂದ ನೀರು ಜಿನುಗುತ್ತೆ, ಮೊದಲು ಹೆಂಚು ಸರಿ ಮಾಡಿಸಬೇಕು. ಬಂದ ನೆಂಟರೆಲ್ಲ ಹೊಸ ಬಣ್ಣ ಬಿಟ್ಟು ಆ ಹಳದಿ ಒಂದಡಿಯನ್ನೇ ನೋಡ್ತಾರೆ.